ಓಟಿಲ್ಲದವರ ಓಟಿನ ಪ್ರವಾಸ: ಇಂಡಿಯಾನಾ, 2008

2008ರಲ್ಲಿ, ಬರಾಕ್ ಒಬಾಮಾ ಡೆಮಾಕ್ರಟಿಕ್ ಪಕ್ಷದಿಂದ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತ ವರ್ಷ, ನಾನು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೆ. ಎಚ್-1ಬಿ ವೀಸಾ, ಬಾಡಿಗೆ ಮನೆ, ಐಟಿ ಕೆಲಸ. ಓಟಿನ ಹಕ್ಕು ಇಲ್ಲ. ಇದ್ದಿದ್ದರೂ ಇಲಿನಾಯ್‌ನಲ್ಲಿ ಅದಕ್ಕೆ ದೊಡ್ಡ ಬೆಲೆ ಇರಲಿಲ್ಲ ಬಿಡಿ, ಅದು ಒಬಾಮಾ ಅವರದೇ ರಾಜ್ಯ, ಗೆಲುವು ಖಾತ್ರಿ. ಆದರೆ ಕಾರಿನಲ್ಲಿ ಒಂದು ಗಂಟೆ ಪೂರ್ವಕ್ಕೆ ಹೋದರೆ ಇಂಡಿಯಾನಾ. 1964ರಲ್ಲಿ ಲಿಂಡನ್ ಜಾನ್ಸನ್ ಗೆದ್ದ ಮೇಲೆ ಅಲ್ಲಿ ಡೆಮಾಕ್ರಟಿಕ್ ಪಕ್ಷದ ಯಾರೂ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದಿರಲಿಲ್ಲ. 2004ರಲ್ಲಂತೂ ರಿಪಬ್ಲಿಕನ್ ಪಕ್ಷದ ಬುಷ್ ಅಲ್ಲಿ ಶೇಕಡಾ 20ಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದಿದ್ದರು. ಅಂಥ ಕಡೆ ಹೋಗಿ ಒಬಾಮಾ ಪರ ಮನೆ ಮನೆ ಬಾಗಿಲು ತಟ್ಟುತ್ತೀವಿ ಅಂದರೆ ಆಫೀಸಿನ ಅಮೆರಿಕನ್ನರೇ ನಕ್ಕರು.

ನಗುವವರಿಗೆ ಒಂದು ವಿಷಯ ಗೊತ್ತಿರಲಿಲ್ಲ. ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಆ ವರ್ಷ ಜೂನ್ ಆರಂಭದವರೆಗೂ ಹಿಲರಿ ಕ್ಲಿಂಟನ್ ಮತ್ತು ಒಬಾಮಾ ಪಕ್ಷದ ಒಳಗೇ ಗುದ್ದಾಡಿದ್ದರಿಂದ, ಸಾಮಾನ್ಯವಾಗಿ ಯಾರೂ ತಿರುಗಿ ನೋಡದ ಇಂಡಿಯಾನಾದಲ್ಲೂ ಆಫೀಸು, ಪಟ್ಟಿ, ಹುಡುಗರು ಎಲ್ಲ ಆಗಲೇ ತಯಾರಾಗಿಬಿಟ್ಟಿದ್ದರು.

ನಾವು ಮೂರು ಜನ. ನಾನು, ನನ್ನ ಹುಬ್ಬಳ್ಳಿ ಗೆಳೆಯ, ಮತ್ತೆ ಮೈಸೂರಿನ ಒಬ್ಬರು ಅಕ್ಕ. ಅವರ ಪರಿಚಯ ಆಗಿದ್ದು ಆಗಸ್ಟ್ ಕೊನೆಯಲ್ಲಿ ಶಿಕಾಗೋದಲ್ಲೇ ನಡೆದ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನದ ಊಟದ ಸಾಲಿನಲ್ಲಿ. ಸಾಲು ಉದ್ದ ಇತ್ತು, ಮಾತೂ ಉದ್ದ ಆಯಿತು. ಆ ವರ್ಷವೇ ಅವರಿಗೆ ಅಮೆರಿಕದ ಪೌರತ್ವ ಸಿಕ್ಕಿತ್ತು. ಇಲಿನಾಯ್‌ನಲ್ಲಿ ಮುಂಗಡವಾಗಿಯೇ ಓಟು ಹಾಕಿ ಬಂದಿದ್ದರು. "ನಂದು ಮುಗೀತಪ್ಪಾ, ಇನ್ನು ಬೇರೆಯವರದ್ದು ಹಾಕಿಸೋಣ" ಅಂತ ಕಾರಿನ ಕೀ ಹಿಡಿದು ನಿಂತವರು ಅವರೇ.

ನಮ್ಮಂಥವರು ಹೋಗಬಹುದಾ ಅನ್ನೋದು ಮೊದಲ ಪ್ರಶ್ನೆಯಾಗಿತ್ತು. ಹೋಗಬಹುದು. ಪೌರರಲ್ಲದವರು ಸಂಬಳ ಇಲ್ಲದೆ ಸ್ವಯಂಸೇವಕರಾಗಿ ದುಡಿಯೋದಕ್ಕೆ ಕಾನೂನಿನ ಅಡ್ಡಿ ಇಲ್ಲ. ಹಣ ಮಾತ್ರ ಕೊಡುವ ಹಾಗಿಲ್ಲ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ನಮ್ಮಂಥ ವೀಸಾದವರು ಒಂದು ಡಾಲರೂ ಕೊಡಬಾರದು. ತಮಾಷೆ ಅಂದರೆ ಕ್ಯಾಂಪೇನ್ ಅಂಗಡಿಯಲ್ಲಿ ಟೀ ಶರ್ಟ್ ಕೊಂಡರೆ ಅದೂ ದೇಣಿಗೆಯ ಲೆಕ್ಕಕ್ಕೇ ಬರುತ್ತದೆ. ಹುಬ್ಬಳ್ಳಿಯವನಿಗೆ ಇದು ಸಿಟ್ಟು. "ನಾ ಬಿಸಿಲಾಗ ತಿರುಗಬಹುದು, ಅಂಗಿ ತೊಗೊಳ್ಳಾಕ ಆಗಂಗಿಲ್ಲೇನು?" ಪುಕ್ಕಟೆ ಕೊಟ್ಟ ಸ್ಟಿಕ್ಕರನ್ನೇ ಸ್ವೆಟರಿಗೆ ಅಂಟಿಸಿಕೊಂಡು ಓಡಾಡಿದ.

ಅಕ್ಟೋಬರ್ 31, ಶುಕ್ರವಾರ

ಹ್ಯಾಲೋವೀನ್ ದಿನ. ರಸ್ತೆ ತುಂಬಾ ದೆವ್ವ, ಮಾಟಗಾತಿ ವೇಷದ ಮಕ್ಕಳು. ಗಡಿ ದಾಟಿ ಸ್ವಲ್ಪ ದೂರದ ಹೈಲ್ಯಾಂಡ್ ಊರಿನ ವಿಕರ್ ಪಾರ್ಕಿನಲ್ಲಿ ಅವತ್ತು ರಾತ್ರಿ ಒಬಾಮಾ ಸಭೆ. ನಾವು ನಿಂತ ಜಾಗದಿಂದ ಅವರು ಒಂದು ಚುಕ್ಕಿಯಷ್ಟೇ ಕಂಡರು. ಮಾತು ಮಾತ್ರ ಸರಿಯಾಗಿ ಕೇಳಿಸಿತು.

ಭಾಷಣ ಚೆನ್ನಾಗಿತ್ತು. ಆದರೆ ನನ್ನ ಕಣ್ಣು ಇದ್ದಿದ್ದು ಸಾಲಿನ ಪಕ್ಕದಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ಓಡಾಡುತ್ತಿದ್ದ ಇಪ್ಪತ್ತು ಇಪ್ಪತ್ತೆರಡರ ಹುಡುಗ ಹುಡುಗಿಯರ ಮೇಲೆ. ಭಾಷಣ ಕೇಳೋಕೆ ಬಂದವರನ್ನೆಲ್ಲ ಹಿಡಿದು "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರ್ತೀರಾ, ಮಧ್ಯಾಹ್ನ ಮೂರಕ್ಕೆ ಬರ್ತೀರಾ" ಅಂತ ಕೇಳಿ ಹೆಸರು ಬರೆದುಕೊಳ್ಳುತ್ತಿದ್ದರು. ಬರ್ತೀರಾ ಇಲ್ವಾ ಅಂತ ಕೇಳೋದೇ ಇಲ್ಲ, ಎಷ್ಟು ಗಂಟೆಗೆ ಅಂತ ಮಾತ್ರ. ನಮ್ಮ ಕಡೆ ಸಭೆಗೆ ಲಾರಿಯಲ್ಲಿ ಜನ ಕರೆದುಕೊಂಡು ಬಂದು, ಮುಗಿದ ಮೇಲೆ ಪೊಟ್ಟಣ ಕೊಟ್ಟು ಕಳಿಸಿಬಿಡುತ್ತಾರೆ. ಇಲ್ಲಿ ಸಭೆ ಅನ್ನೋದೇ ಕೆಲಸಕ್ಕೆ ಆಳು ಹುಡುಕೋ ಜಾಗ ಆಗಿತ್ತು. ಇದು ನನಗೆ ಹೊಸದು.

ರಾತ್ರಿ ಉಳಿದುಕೊಂಡಿದ್ದು ಮೆರಿಲ್‌ವಿಲ್‌ನಲ್ಲಿ, ಉಕ್ಕಿನ ಕಾರ್ಖಾನೆಯಿಂದ ರಿಟೈರ್ ಆದ ಒಬ್ಬ ತಾತ, ಅವರ ಹೆಂಡತಿಯ ಮನೆಯಲ್ಲಿ. ಹೊರಗಿನಿಂದ ಬಂದ ಸ್ವಯಂಸೇವಕರಿಗೆ ಊರಿನ ಬೆಂಬಲಿಗರು ಮನೆ ಬಿಟ್ಟುಕೊಡುವ ವ್ಯವಸ್ಥೆ ಅದು. ಗುರುತು ಪರಿಚಯ ಇಲ್ಲದ ಮೂರು ಜನ ಭಾರತದವರಿಗೆ ಆ ಅಜ್ಜಿ ಹಾಸಿಗೆ ಹಾಸಿ, ದೊಡ್ಡ ಪಾತ್ರೆ ತುಂಬಾ ಚಿಲ್ಲಿ ಅನ್ನೋ ಗಟ್ಟಿ ಖಾರದ ಸಾರು ಮಾಡಿ ಇಟ್ಟಿದ್ದರು. ಅದರಲ್ಲಿ ದನದ ಮಾಂಸ ಇತ್ತು. ಅಕ್ಕ ನಗುನಗುತ್ತಾ ವಿಷಯ ಹೇಳಿ, ಡಬ್ಬಿಯಿಂದ ಅವಲಕ್ಕಿ, ಚಟ್ನಿಪುಡಿ ತೆಗೆದರು. ಅಜ್ಜಿಗೂ ಒಂದು ಚಮಚ ರುಚಿ ತೋರಿಸಿದರು. ಅಜ್ಜಿ ಎರಡು ಲೋಟ ನೀರು ಕುಡಿದರು.

ನವೆಂಬರ್ 1, ಶನಿವಾರ

ರಾಜ್ಯೋತ್ಸವ. ಬೆಳಿಗ್ಗೆ ಕಾರಿನಲ್ಲಿ ನಾಡಗೀತೆ ಹೇಳಿದೆವು, ಎರಡನೇ ಚರಣಕ್ಕೆ ಮೂವರೂ ತಡವರಿಸಿದೆವು.

ಕ್ಯಾಂಪೇನ್ ಆಫೀಸು ಇದ್ದಿದ್ದು ಒಂದು ಖಾಲಿ ಅಂಗಡಿಯಲ್ಲಿ. ಮಡಚುವ ಮೇಜು, ಡೋನಟ್ ಡಬ್ಬಿ, ಗೋಡೆ ತುಂಬಾ ಕೈಬರಹದ ಚಾರ್ಟು. ತರಬೇತಿ ಸ್ವಲ್ಪ ಹೊತ್ತು ಅಷ್ಟೇ. ಒಂದು ಪ್ಯಾಕೆಟ್ ಕೊಡುತ್ತಾರೆ, ಅದರಲ್ಲಿ ಆ ಬೀದಿಯ ನಕ್ಷೆ ಮತ್ತು ಮನೆಗಳ ಪಟ್ಟಿ, ಹೆಸರು, ವಯಸ್ಸು. ಎಲ್ಲ ಮನೆಗೂ ಹೋಗುವ ಹಾಗಿಲ್ಲ. ಪಟ್ಟಿಯಲ್ಲಿ ಇರುವ ಮನೆಗೆ ಮಾತ್ರ. ಮಾತಾಡಿದ ಮೇಲೆ ಹೆಸರಿನ ಮುಂದೆ ಒಂದರಿಂದ ಐದರವರೆಗೆ ಅಂಕಿ ಹಾಕಬೇಕು. ಒಂದು ಅಂದರೆ ಗಟ್ಟಿ ಒಬಾಮಾ, ಐದು ಅಂದರೆ ಎದುರಾಳಿ, ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಕಡೆ ಗಟ್ಟಿ, ಮೂರು ಅಂದರೆ ಇನ್ನೂ ತೀರ್ಮಾನ ಮಾಡಿಲ್ಲ. ರಾತ್ರಿ ಅದೆಲ್ಲ ಕಂಪ್ಯೂಟರಿಗೆ ಹೋಗುತ್ತೆ, ಬೆಳಿಗ್ಗೆ ಹೊಸ ಪಟ್ಟಿ ಬರುತ್ತೆ. ಕರಪತ್ರವನ್ನು ಬಾಗಿಲಿಗೆ ಸಿಕ್ಕಿಸಬಹುದು, ಅಂಚೆ ಡಬ್ಬಿಗೆ ಮಾತ್ರ ಹಾಕಲೇಬಾರದು, ಸ್ಟಾಂಪ್ ಇಲ್ಲದ್ದನ್ನು ಅದರೊಳಗೆ ಹಾಕೋದು ಕಾನೂನು ಪ್ರಕಾರ ತಪ್ಪು.

ನಮಗೆ ಸಿಕ್ಕಿದ್ದು ಗ್ಯಾರಿ. 1906ರಲ್ಲಿ ಯುಎಸ್ ಸ್ಟೀಲ್ ಕಂಪನಿ ಮಿಶಿಗನ್ ಸರೋವರದ ದಂಡೆಯಲ್ಲಿ ಕಾರ್ಖಾನೆ ಕಟ್ಟೋಕೆ ಅಂತಲೇ ಮಾಡಿದ ಊರು. ಒಂದು ಕಾಲಕ್ಕೆ 1,78,000 ಜನ ಇದ್ದರು, 2000ನೇ ಇಸವಿಯ ಜನಗಣತಿಯ ಹೊತ್ತಿಗೆ ಒಂದು ಲಕ್ಷದ ಹತ್ತಿರ ಬಂದಿತ್ತು. ಭದ್ರಾವತಿ ಕಂಡವರಿಗೆ ಈ ಊರು ಏನೂ ಹೇಳದೆ ಅರ್ಥವಾಗುತ್ತದೆ, ಅಷ್ಟೇ ಹೇಳ್ತೀನಿ. ಬ್ರಾಡ್‌ವೇ ಅನ್ನೋ ಮುಖ್ಯ ರಸ್ತೆಯಲ್ಲಿ ಹಲಗೆ ಹೊಡೆದು ಮುಚ್ಚಿದ ಅಂಗಡಿಗಳು. ಹತ್ತಿರದಲ್ಲೇ ಸಿಟಿ ಮೆಥಡಿಸ್ಟ್ ಚರ್ಚು, ಚಾವಣಿ ಕುಸಿದು ಒಳಗೆ ಗಿಡ ಬೆಳೆದಿದೆ.

ಬ್ರಾಡ್‌ವೇಯ ಪಶ್ಚಿಮಕ್ಕೆ ಬೀದಿಗಳಿಗೆಲ್ಲ ಅಧ್ಯಕ್ಷರ ಹೆಸರು. ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್, ಮ್ಯಾಡಿಸನ್, ಮನ್ರೋ ಅಂತ ಸಾಲಾಗಿ. ಕಪ್ಪು ಜನರ ಊರಿನಲ್ಲಿ, ಆಡಮ್ಸ್ ಒಬ್ಬರನ್ನು ಬಿಟ್ಟರೆ ಗುಲಾಮರನ್ನು ಇಟ್ಟುಕೊಂಡಿದ್ದ ಅಧ್ಯಕ್ಷರ ಹೆಸರಿನ ಬೀದಿಗಳಲ್ಲಿ, ಕಪ್ಪು ಅಭ್ಯರ್ಥಿಗೆ ಓಟು ಕೇಳುತ್ತಾ ನಾವು ಮೂವರು ಕನ್ನಡದವರು. ಜಾಕ್ಸನ್ ಬೀದಿ ಬಂದಾಗ ಹುಬ್ಬಳ್ಳಿಯವನು ನಿಂತೇಬಿಟ್ಟ. ಆ ಬೀದಿಯ 2300ನೇ ನಂಬರಿನ ಪುಟ್ಟ ಮನೆ ಮೈಕಲ್ ಜಾಕ್ಸನ್ ಬಾಲ್ಯ ಕಳೆದದ್ದು. ಒಂದು ಫೋಟೋ ತೆಗೆಯೋವರೆಗೂ ಅಲ್ಲಾಡಲಿಲ್ಲ.

ಪಟ್ಟಿಯಲ್ಲಿ ಮನೆ ಇರುತ್ತೆ, ಜಾಗದಲ್ಲಿ ಇರೋದಿಲ್ಲ. ಹುಲ್ಲು ಬೆಳೆದ ಖಾಲಿ ಸೈಟು. ಪಕ್ಕದವರನ್ನು ಕೇಳಿದರೆ "ಅವರು ಹೋಗಿ ಎಷ್ಟೋ ವರ್ಷ ಆಯಿತು" ಅನ್ನುತ್ತಾರೆ. ಇದ್ದ ಮನೆಗಳಲ್ಲಿ ಓಟು ಯಾರಿಗೆ ಅಂತ ಕೇಳೋದೇ ದಡ್ಡತನ. ಎಲ್ಲ ಒಂದನೇ ನಂಬರೇ. ಒಬ್ಬ ದೊಡ್ಡಮ್ಮ ಬಾಗಿಲು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಗನೇ, ನನಗೆ ಇದನ್ನ ಹೇಳೋಕೆ ಭಾರತದಿಂದ ಬಂದೆಯಾ?" ಅಂದರು. ಆದರೂ ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು. ಮಂಗಳವಾರ ಎಷ್ಟು ಗಂಟೆಗೆ ಹೋಗ್ತೀರಿ? ಹೇಗೆ ಹೋಗ್ತೀರಿ? ಬೂತು ಎಲ್ಲಿದೆ ಗೊತ್ತಾ? ಮನಸ್ಸು ಬದಲಿಸೋ ಕೆಲಸ ಅಲ್ಲ, ಮನೆಯಿಂದ ಹೊರಡಿಸೋ ಕೆಲಸ.

ರಾತ್ರಿ ನಾವು ಉಳಿದಿದ್ದ ಮನೆಯ ತಾತ ಹಳೇ ಕಥೆ ತೆಗೆದರು. 1967ರಲ್ಲಿ ಇದೇ ಗ್ಯಾರಿ ರಿಚರ್ಡ್ ಹ್ಯಾಚರ್ ಅವರನ್ನು ಮೇಯರ್ ಮಾಡಿತು. ಅದೇ ದಿನ ಕ್ಲೀವ್‌ಲ್ಯಾಂಡ್‌ನಲ್ಲಿ ಕಾರ್ಲ್ ಸ್ಟೋಕ್ಸ್ ಗೆದ್ದರು. ದೊಡ್ಡ ಅಮೆರಿಕನ್ ಊರುಗಳು ಕಪ್ಪು ಜನಾಂಗದವರನ್ನು ಮೇಯರ್ ಆಗಿ ಆರಿಸಿದ್ದು ಅದೇ ಮೊದಲು. ತಾತ ಬಿಳಿಯರು. ಆ ವರ್ಷ ತಮ್ಮ ಬೀದಿಯಲ್ಲಿ ಎಷ್ಟು ಮನೆಗಳ ಮುಂದೆ "ಮಾರಾಟಕ್ಕಿದೆ" ಬೋರ್ಡು ಬಿತ್ತು ಅಂತ ಹೇಳುವಾಗ ದನಿ ಸಣ್ಣಗಾಯಿತು. "ನಾವೂ ಮಾರಿದೆವು" ಅಂದರು. ಅಜ್ಜಿ ಟಿವಿ ಸೌಂಡು ಜಾಸ್ತಿ ಮಾಡಿದರು.

ನವೆಂಬರ್ 2, ಭಾನುವಾರ

ಬೇಸಿಗೆ ಸಮಯ ಮುಗಿದು ರಾತ್ರಿ ಗಡಿಯಾರ ಒಂದು ಗಂಟೆ ಹಿಂದೆ ಹೋಗಿತ್ತು. ಚರ್ಚು ಬಿಡುವವರೆಗೂ ಗ್ಯಾರಿಯಲ್ಲಿ ಬಾಗಿಲು ತಟ್ಟಿ ಪ್ರಯೋಜನ ಇಲ್ಲ ಅಂತ ನಮ್ಮನ್ನು ಹೋಬಾರ್ಟ್ ಕಡೆ ಕಳಿಸಿದರು. ಅಲ್ಲಿ ಬೀದಿಯ ತುಂಬಾ ಬಿಳಿಯರು, ಯೂನಿಯನ್ ಸ್ಟಿಕ್ಕರು ಅಂಟಿಸಿದ ಪಿಕಪ್ ಗಾಡಿಗಳು. ಮೆಕೇನ್ ಬೋರ್ಡು ನೆಟ್ಟಿದ್ದ ಮನೆಯ ಯಜಮಾನರೇ ಕರೆದು ನೀರಿನ ಬಾಟಲಿ ಕೊಟ್ಟರು. ಅವರು ವಿಯೆಟ್ನಾಂಗೆ ಹೋಗಿ ಬಂದವರು. ಮೆಕೇನ್ ಸೆರೆಯಲ್ಲಿ ಇದ್ದ ಐದೂವರೆ ವರ್ಷವನ್ನು ತಾನು ಮರೆಯೋಕಾಗಲ್ಲ ಅಂದರು. ವಾದ ಮಾಡೋ ಮಾತೇ ಅಲ್ಲ ಅದು. ಹಾಳೆಯಲ್ಲಿ ಐದು ಅಂತ ಬರೆದು ಕೈ ಕುಲುಕಿ ಬಂದೆವು.

ಮಧ್ಯಾಹ್ನ ಮತ್ತೆ ಗ್ಯಾರಿ, ಅಲ್ಲಿನ ಗ್ಲೆನ್ ಪಾರ್ಕ್ ಬಡಾವಣೆ. ಅಲ್ಲಿ ನಡೆದದ್ದು ಈಗಲೂ ಮನಸ್ಸಿನಲ್ಲಿ ಕೂತಿದೆ. ಪಟ್ಟಿಯಲ್ಲಿ ಇದ್ದಿದ್ದು ಒಬ್ಬ ಹೆಂಗಸಿನ ಹೆಸರು, ಬಾಗಿಲು ತೆಗೆದದ್ದು ಅವರ ತಮ್ಮ. ಮೂವತ್ತರ ಆಸುಪಾಸು. "ಅಕ್ಕ ಹಾಕ್ತಾಳೆ. ನಾನು ಹಾಕೋಕಾಗಲ್ಲ, ಜೈಲಿಗೆ ಹೋಗಿ ಬಂದವನು" ಅಂದ. ನಮ್ಮ ಜೊತೆಗಿದ್ದ ಆ ಊರಿನ ಹುಡುಗಿ ತಕ್ಷಣ ಹೇಳಿದಳು, ಇಂಡಿಯಾನಾದಲ್ಲಿ ಜೈಲಿನ ಒಳಗೆ ಇರುವಷ್ಟು ದಿನ ಮಾತ್ರ ಓಟಿಲ್ಲ, ಹೊರಗೆ ಬಂದ ಮೇಲೆ ಇದೆ, ಪೆರೋಲ್ ಮೇಲೆ ಇದ್ದರೂ ಇದೆ. ಅವನು ನಂಬಲಿಲ್ಲ. ಪಕ್ಕದ ಕೆಂಟಕಿಯಂಥ ಕೆಲವು ರಾಜ್ಯಗಳಲ್ಲಿ ನಿಯಮ ಬೇರೆ, ಗಾಳಿಮಾತು ಎಲ್ಲ ಕಡೆಗೂ ಒಂದೇ. ಆಮೇಲೆ ನಂಬಿದ. "ಹಂಗಾದ್ರೆ ಮಂಗಳವಾರ ಹೋಗಲಾ?" ಅಂತ ಕೇಳಿದ. ಹೋಗೋಕಾಗಲ್ಲ. ಹೆಸರು ನೋಂದಾಯಿಸೋ ಕೊನೆಯ ದಿನ ಅಕ್ಟೋಬರ್ 6, ಮುಗಿದುಹೋಗಿತ್ತು. ಅವನು "ಸರಿ" ಅಂದು ಬಾಗಿಲು ಹಾಕಿಕೊಂಡ. ಆ ಹುಡುಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ನಮ್ಮ ದೇಶದಲ್ಲಿ ಪಟ್ಟಿಯಲ್ಲಿ ಹೆಸರು ಇಲ್ಲ ಅಂತ ಬಯ್ಯುತ್ತೀವಿ, ಸರಿನೇ. ಆದರೂ ಯಾರೋ ಒಬ್ಬ ಮೇಷ್ಟ್ರೋ ಅಂಗನವಾಡಿ ಕಾರ್ಯಕರ್ತೆಯೋ ಪಟ್ಟಿ ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. ಇಲ್ಲಿ ಬಹಳ ರಾಜ್ಯಗಳಲ್ಲಿ ನಾಗರಿಕನೇ ಹೋಗಿ ಅರ್ಜಿ ಹಾಕಬೇಕು, ಮನೆ ಬದಲಿಸಿದರೆ ಮತ್ತೆ ಹೇಳಬೇಕು. ಮೇಲಿಂದ ಇಂಡಿಯಾನಾದಲ್ಲಿ ಫೋಟೋ ಇರುವ ಸರ್ಕಾರಿ ಗುರುತಿನ ಚೀಟಿ ಕಡ್ಡಾಯ. ಅದೇ ವರ್ಷ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿದಿತ್ತು. ಕಾರು ಓಡಿಸೋದು ಬಿಟ್ಟ ಅಜ್ಜಿಯರ ಹತ್ತಿರ ಅವಧಿ ಮುಗಿದ ಲೈಸೆನ್ಸು. ಹಿಂದಿನ ಸಾರ್ವತ್ರಿಕ ಚುನಾವಣೆ ಆದ ಮೇಲೆ, ಅಂದರೆ ನವೆಂಬರ್ 2006ರ ನಂತರ, ಅವಧಿ ಮುಗಿದಿದ್ದರೆ ಅದು ನಡೆಯುತ್ತದೆ. ಹಾಗಾಗಿ ಅವತ್ತು ಸಂಜೆ ಮೈಸೂರಿನ ಅಕ್ಕ ಕನ್ನಡಕ ಹಾಕಿಕೊಂಡು ಅಜ್ಜಿಯರ ಲೈಸೆನ್ಸಿನ ತಾರೀಕು ಓದೋ ಕೆಲಸ ಮಾಡಿದರು.

ನವೆಂಬರ್ 3, ಸೋಮವಾರ

ಆಫೀಸಿಗೆ ರಜೆ ಹಾಕಿದ್ದೆ. ಮ್ಯಾನೇಜರಿಗೆ "ಪರ್ಸನಲ್" ಅಂತ ಮೇಲ್ ಹಾಕಿದೆ, ಅದು ಸುಳ್ಳೇನೂ ಅಲ್ಲ.

ಮುಂಗಡ ಮತದಾನಕ್ಕೆ ಅದು ಕೊನೆಯ ದಿನ, ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ. ಗ್ಯಾರಿ ಸೇರಿರುವ ಲೇಕ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಕಚೇರಿ ಇರೋದು ದಕ್ಷಿಣದ ಕ್ರೌನ್ ಪಾಯಿಂಟ್‌ನಲ್ಲಿ. ಕಾರಿಲ್ಲದವರು ಗ್ಯಾರಿಯಿಂದ ಅಲ್ಲಿಗೆ ಹೋಗೋದು ಹೇಗೆ? ಅದಕ್ಕೇ ಗ್ಯಾರಿ, ಹ್ಯಾಮಂಡ್, ಈಸ್ಟ್ ಶಿಕಾಗೋಗಳಲ್ಲೂ ಕೇಂದ್ರ ತೆರೆಯಬೇಕು ಅಂತ ಒಂದು ಕಡೆಯವರು, ಕೂಡದು ಅಂತ ಇನ್ನೊಂದು ಕಡೆಯವರು, ಅಕ್ಟೋಬರ್ ಪೂರ್ತಿ ಕೋರ್ಟಿನಲ್ಲಿ ಜಗಳ ಆಗಿತ್ತು. ಕೇಂದ್ರಗಳು ಉಳಿದವು. ಗ್ಯಾರಿ ಕೇಂದ್ರದ ಮುಂದಿನ ಸಾಲು ನೋಡಿದರೆ ಜಗಳ ಯಾಕೆ ಅಂತ ಗೊತ್ತಾಗುತ್ತಿತ್ತು. ಗಾಲಿಕುರ್ಚಿಯಲ್ಲಿ ಬಂದವರು, ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ನಿಂತವರು. ನಾವು ಕುರ್ಚಿ, ನೀರು ಸಾಗಿಸಿದೆವು.

ಮಧ್ಯಾಹ್ನ ಆಫೀಸಿನಲ್ಲಿ ಫೋನ್ ಮಾಡುತ್ತಾ ಕೂತಿದ್ದಾಗ ಸುದ್ದಿ ಬಂತು, ಒಬಾಮಾ ಅವರ ಅಜ್ಜಿ ಮ್ಯಾಡೆಲಿನ್ ಡನ್‌ಹ್ಯಾಮ್ ಹವಾಯಿಯಲ್ಲಿ ತೀರಿಕೊಂಡರು ಅಂತ. ಅವರನ್ನು ಸಾಕಿ ಬೆಳೆಸಿದ ಅಜ್ಜಿ. 86 ವರ್ಷ. ಮೊಮ್ಮಗನ ಚುನಾವಣೆ ನೋಡೋದು ಒಂದೆರಡು ದಿನದಲ್ಲಿ ತಪ್ಪಿಹೋಯಿತು. ಕೋಣೆಯಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟರು, ಆಮೇಲೆ ಮತ್ತೆ ಎತ್ತಿಕೊಂಡರು.

ನವೆಂಬರ್ 4, ಮಂಗಳವಾರ

ಬೆಳಗಿನ ಜಾವ ನಾಲ್ಕಕ್ಕೇ ಹೊರಟೆವು. ಬಾಗಿಲ ಹಿಡಿಗೆ ನೇತು ಹಾಕುವ ಕಾಗದ, ಅದರ ಮೇಲೆ ಆ ಮನೆಯವರ ಬೂತಿನ ವಿಳಾಸ. ಕತ್ತಲಲ್ಲಿ ಪರರ ಮನೆ ಮೆಟ್ಟಿಲು ಹತ್ತೋದು, ಅದೂ ಬಂದೂಕು ಇಟ್ಟುಕೊಳ್ಳೋ ದೇಶದಲ್ಲಿ! ಅಕ್ಕ ಕಾರಿನ ದೀಪ ಹಾಕಿಕೊಂಡು ನಿಧಾನವಾಗಿ ಹಿಂದೆ ಬಂದರು, ನಾವಿಬ್ಬರು ಎಡಕ್ಕೆ ಬಲಕ್ಕೆ ಓಡಿದೆವು. ನಾಯಿಗಳೆಲ್ಲ ಎದ್ದವು.

ಬೆಳಿಗ್ಗೆ ಆರಕ್ಕೆ ಮತದಾನ ಶುರು. ಆರಕ್ಕಿಂತ ಮುಂಚೆಯೇ ಸಾಲು. ನಮ್ಮ ಪಕ್ಷಗಳ ಏಜೆಂಟರು ಬೂತಿನಲ್ಲಿ ಕೂತು ಯಾರು ಬಂದರು ಅಂತ ಗುರುತು ಹಾಕಿ, ಬಾರದವರ ಮನೆಗೆ ಹುಡುಗರನ್ನು ಓಡಿಸ್ತಾರಲ್ಲ, ಅದನ್ನೇ ಇವರು ಫೋನಿನಲ್ಲಿ ಮಾಡೋಕೆ ಹೊರಟಿದ್ದರು. ಹೆಸರು ಹೂಡಿನಿ. ಪ್ರತಿ ಮತದಾರನಿಗೂ ಒಂದು ನಂಬರು, ಓಟು ಹಾಕಿದ ತಕ್ಷಣ ಬೂತಿನಲ್ಲಿದ್ದವರು ಫೋನ್ ಮಾಡಿ ಆ ನಂಬರು ಒತ್ತಿದರೆ ಪಟ್ಟಿಯಿಂದ ಹೆಸರು ಮಾಯ. ಒಳ್ಳೇ ಐಡಿಯಾ. ದೇಶದ ಎಲ್ಲಾ ಕಡೆಯಿಂದ ಒಟ್ಟಿಗೆ ಫೋನ್ ಬಂದು ಬೆಳಿಗ್ಗೆಯೇ ಲೈನು ಕುಸಿಯಿತು. ಐಟಿಯವರಾದ ನಾವಿಬ್ಬರು ಮುಖ ಮುಖ ನೋಡಿಕೊಂಡೆವು. ಮತ್ತೆ ಕಾಗದ, ಪೆನ್ಸಿಲು, ಕಾಲು.

ಹಾಗಾಗಿ ಅದೇ ಬಾಗಿಲಿಗೆ ಮತ್ತೆ ಮತ್ತೆ ಹೋಗೋದು. "ಹಾಕಿದ್ದೀನಿ ಅಂತ ಹೇಳಿದ್ನಲ್ಲಪ್ಪಾ" ಅಂತ ಕಿಟಕಿಯಿಂದಲೇ ಸ್ಟಿಕ್ಕರು ತೋರಿಸುತ್ತಿದ್ದರು. ನಮ್ಮಲ್ಲಿ ಬೆರಳಿಗೆ ಮೈಸೂರಿನ ಶಾಯಿ, ಇಲ್ಲಿ "ನಾನು ಓಟು ಹಾಕಿದೆ" ಅನ್ನೋ ಸ್ಟಿಕ್ಕರು. ಅಕ್ಕನಿಗೆ ಹೆಮ್ಮೆ, "ನಮ್ಮೂರಿನ ಪೇಂಟ್ಸ್ ಅಂಡ್ ವಾರ್ನಿಷ್‌ನದು ಹಚ್ಚಿದ್ದಿದ್ರೆ ಇವರು ಕಿಟಕಿಯಿಂದ ಬೆರಳು ತೋರಿಸಿದ್ರೆ ಸಾಕಿತ್ತು" ಅಂದರು. 1962ರಿಂದ ನಮ್ಮ ದೇಶದ ಬೆರಳುಗಳಿಗೆಲ್ಲ ಅಲ್ಲಿಂದಲೇ ಹೋಗ್ತಿದೆ, ಹೆಮ್ಮೆ ಪಡಲಿ ಬಿಡಿ. ಇನ್ನೊಂದು ಸಮಾನತೆ ಕೂಡ ಸಿಕ್ಕಿತು. ಮತದಾನ ಮುಗಿಯೋವರೆಗೂ ಇಂಡಿಯಾನಾದಲ್ಲೂ ಹೆಂಡ ಮಾರುವ ಹಾಗಿರಲಿಲ್ಲ. ಆ ನಿಯಮವನ್ನು 2010ರಲ್ಲಿ ತೆಗೆದರು.

ಮಧ್ಯಾಹ್ನದ ಮೇಲೆ ನಮ್ಮ ಕೆಲಸ ಬರೀ ಕಾರಿನದ್ದು. ಡಯಾಲಿಸಿಸ್ ಮುಗಿಸಿ ಬಂದ ಒಬ್ಬರು, ಮೂರು ಮಕ್ಕಳನ್ನು ಕಟ್ಟಿಕೊಂಡ ಒಬ್ಬ ತಾಯಿ. ಮಕ್ಕಳನ್ನು ಹುಬ್ಬಳ್ಳಿಯವನು ಕಾರಿನಲ್ಲಿ ಆಡಿಸಿದ. ಒಬ್ಬ ಮುದುಕರು ಮಿಸಿಸಿಪ್ಪಿಯಿಂದ ಉಕ್ಕಿನ ಕೆಲಸಕ್ಕೆ ಬಂದವರು. ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ, ಇಳಿಯುವಾಗ "ನಮ್ಮಪ್ಪ ಒಂದು ಸಲವೂ ಹಾಕಲಿಲ್ಲ" ಅಂದರು. 1965ರ ಮತದಾನ ಹಕ್ಕು ಕಾಯ್ದೆಗೆ ಮುಂಚೆ ಅಲ್ಲಿ ಕಪ್ಪು ಜನ ಹೆಸರು ಬರೆಸೋಕೆ ಹೋದರೆ ತೆರಿಗೆ, ಪರೀಕ್ಷೆ, ಕೊನೆಗೆ ಏಟು. ಮತಗಟ್ಟೆಯ ಐವತ್ತು ಅಡಿ ಒಳಗೆ ನಾವು ಸ್ಟಿಕ್ಕರು ಹಾಕಿಕೊಂಡು ಹೋಗುವ ಹಾಗಿಲ್ಲ, ಹಾಗಾಗಿ ದೂರದಿಂದಲೇ ಅವರು ಒಳಗೆ ಹೋಗೋದು ನೋಡಿದೆವು. ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ, ಆದರೆ ಆರರ ಒಳಗೆ ಸಾಲಿನಲ್ಲಿ ನಿಂತವರಿಗೆಲ್ಲ ಹಕ್ಕು ಇದೆ. ಕೊನೆಯ ಅರ್ಧ ಗಂಟೆ "ಸಾಲು ಬಿಡಬೇಡಿ" ಅಂತ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು.

ಆಮೇಲೆ ಸೌತ್ ಶೋರ್ ರೈಲು ಹತ್ತಿ ಶಿಕಾಗೋ. ಒಬಾಮಾ ಅವರ ಆ ರಾತ್ರಿಯ ಸಭೆ ಇದ್ದ ಗ್ರಾಂಟ್ ಪಾರ್ಕಿನ ಒಳಗೆ ಹೋಗೋಕೆ ಟಿಕೆಟ್ ಇರಲಿಲ್ಲ, ಹೊರಗೆ ಜನರ ನಡುವೆ ನಿಂತೆವು. ಎರಡು ಲಕ್ಷಕ್ಕಿಂತ ಜಾಸ್ತಿ ಜನ ಅಂತ ಆಮೇಲೆ ಪೇಪರಿನಲ್ಲಿ ಓದಿದ್ದು. ನವೆಂಬರ್‌ನಲ್ಲಿ ಶಿಕಾಗೋ ಅಷ್ಟು ಬೆಚ್ಚಗೆ ಇದ್ದಿದ್ದು ನಾನು ನೋಡಿಲ್ಲ, ಸ್ವೆಟರ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡೆವು. ರಾತ್ರಿ ಹತ್ತಕ್ಕೆ ಪಶ್ಚಿಮ ತೀರದ ಮತದಾನ ಮುಗಿಯಿತು, ಆ ಕ್ಷಣಕ್ಕೇ ಪರದೆಯ ಮೇಲೆ ಗೆದ್ದವರು ಅಂತ ಒಬಾಮಾ ಹೆಸರು ಬಂತು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಅಕ್ಕನನ್ನು ತಬ್ಬಿಕೊಂಡು ಅತ್ತರು. ಅಕ್ಕನೂ ಅತ್ತರು. ಹುಬ್ಬಳ್ಳಿಯವನು ನನ್ನ ಬೆನ್ನಿಗೆ ಗುದ್ದಿ "ಇಂಡಿಯಾನಾ ಏನಾತಲೇ?" ಅಂದ. ಅದು ಇನ್ನೂ ಎಣಿಕೆಯಲ್ಲೇ ಇತ್ತು.

ನವೆಂಬರ್ 5, ಬುಧವಾರ

ಬೆಳಿಗ್ಗೆ ಎದ್ದು ಮೊದಲು ನೋಡಿದ್ದು ಅದನ್ನೇ. ಬಂದಿತ್ತು, ಇಂಡಿಯಾನಾ ಒಬಾಮಾ ಪಾಲಾಗಿತ್ತು. ಕೊನೆಯ ಲೆಕ್ಕದಲ್ಲಿ ಅಂತರ 28,391 ಓಟು. ರಾಜ್ಯದಲ್ಲಿ ಐದು ಸಾವಿರಕ್ಕಿಂತ ಹೆಚ್ಚು ಬೂತು, ಅಂದರೆ ಬೂತಿಗೆ ಐದಾರು ಓಟು. ಇಡೀ ದೇಶದಲ್ಲಿ ಆ ಸಲ ಸುಮಾರು 13 ಕೋಟಿ 10 ಲಕ್ಷ ಜನ ಹಾಕಿದ್ದರು, 1968ರ ಮೇಲೆ ಅಷ್ಟು ಪ್ರಮಾಣದ ಮತದಾನ ಆಗಿದ್ದು ಅದೇ ಮೊದಲು. ಟಿವಿಯಲ್ಲಿ ಅಲೆ, ಅಲೆ ಅಂತ ಹೇಳುತ್ತಲೇ ಇದ್ದರು. ಲೇಕ್ ಕೌಂಟಿಯಲ್ಲಿ ನಾನು ಅಲೆ ಅಂತ ಯಾವುದನ್ನೂ ನೋಡಲಿಲ್ಲ. ಪಟ್ಟಿ, ಕುರ್ಚಿ, ಕಾರು, ಸಾಲದ್ದಕ್ಕೆ ಆ ಅಜ್ಜಿಯ ಚಿಲ್ಲಿ ಪಾತ್ರೆ ನೋಡಿದೆ.

ಮರುವರ್ಷ ನಮ್ಮಲ್ಲಿ ಲೋಕಸಭೆ ಚುನಾವಣೆ ನಡೆದಾಗ ಬೆಂಗಳೂರಿನ ಮೂರೂ ಕ್ಷೇತ್ರಗಳಲ್ಲಿ ಅರ್ಧದಷ್ಟು ಜನವೂ ಓಟು ಹಾಕಲಿಲ್ಲ. ಹುಬ್ಬಳ್ಳಿಯವನು ಫೋನ್ ಮಾಡಿ ಬೆಂಗಳೂರಿನ ತನ್ನ ತಮ್ಮನಿಗೆ "ಎಷ್ಟು ಗಂಟೆಗೆ ಹೋಗ್ತಿ? ಹೆಂಗ ಹೋಗ್ತಿ?" ಅಂತ ಕೇಳಿದನಂತೆ. ತಮ್ಮ ಲೈನ್ ಕಟ್ ಮಾಡಿದನಂತೆ.

ಇಂಡಿಯಾನಾದ ಕಥೆಯೂ ಹೆಚ್ಚು ದಿನ ನಡೆಯಲಿಲ್ಲ. 2012ರಲ್ಲಿ ಒಬಾಮಾ ಕ್ಯಾಂಪೇನಿಗೆ ಆ ರಾಜ್ಯದ ಮೇಲೆ ಆಸೆ ಇರಲಿಲ್ಲ, ಹಿಂದಿನ ಹಾಗೆ ಆಫೀಸುಗಳಿಲ್ಲ, ಗಡಿ ದಾಟಿ ಹೋಗಿ ಅಂತ ನಮಗೆ ಯಾರೂ ಹೇಳಲಿಲ್ಲ. ಮಿಟ್ ರಾಮ್ನಿ ಸುಮಾರು ಶೇಕಡಾ 10ರ ಅಂತರದಲ್ಲಿ ಗೆದ್ದರು. ಲೇಕ್ ಕೌಂಟಿ ಮಾತ್ರ ಆಗಲೂ ಒಬಾಮಾ ಅವರಿಗೇ ಹಾಕಿತು.